ಕಳ್ಳಭಟ್ಟಿಗೆ ಮದ್ದು ಹುಟ್ಟಿದ ಕಥೆ

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ನಾನಿರುವ ಈ ಮುಂಬಯಿಯಲ್ಲಿ 2004ರ ಕೊನೆಗೆ ವಿಕ್ರೋಲಿ, 2015ರ ಜೂನಿನಲ್ಲಿ ಮಲಾಡಿನ ಮಾಲವಣಿ. ಮಾಲವಣಿಯೊಂದರಲ್ಲೇ ಲೆಕ್ಕ ನೂರು ದಾಟಿತು. ಇಂಥ ಸುದ್ದಿಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಹೆಸರು ಮೆಥನಾಲ್.

ವಿಚಿತ್ರ ನೋಡಿ, ಮೆಥನಾಲ್ ತಾನಾಗಿಯೇ ಅಷ್ಟು ದೊಡ್ಡ ಕೊಲೆಗಡುಕನಲ್ಲ. ಕೆಲಸ ಕೆಡಿಸುವುದು ನಮ್ಮದೇ ಲಿವರ್. ಅಲ್ಲಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಮೆಥನಾಲಿನಿಂದ ಜಲಜನಕ ಕಿತ್ತು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣಿನ ನರ ಹಾಳುಮಾಡಿ, ಕೊನೆಗೆ ಜೀವ ತೆಗೆಯುವುದು ಈ ಆಮ್ಲ. ಹಾಗಾದರೆ ಮೊದಲ ಕಿಣ್ವವನ್ನೇ ತಡೆದು ನಿಲ್ಲಿಸಿದರೆ?

ಇದಕ್ಕೆ ಉತ್ತರ ಸಿಕ್ಕಿದ್ದು ದೂರದ ಸ್ವೀಡನ್ನಿನಲ್ಲಿ, ಅದೂ ಮದ್ದು ಹುಡುಕದೇ ಇದ್ದವರಿಂದ! ಹ್ಯೂಗೋ ಥಿಯೋರೆಲ್ ಓದಿದ್ದು ವೈದ್ಯಕೀಯ. ಪೋಲಿಯೋದಿಂದ ಕಾಲಿನ ಶಕ್ತಿ ಕುಂದಿದ್ದರಿಂದ ಪ್ರಯೋಗಶಾಲೆ ಸೇರಿದರು. 1948ರಲ್ಲಿ ಸ್ಟಾಕ್‌ಹೋಮಿನ ಅವರ ಸಂಸ್ಥೆಯಲ್ಲಿ ಬೊನ್ನಿಕ್ಸೆನ್ ಮತ್ತು ವಾಸೆನ್ ಕುದುರೆಯ ಲಿವರಿನಿಂದ ಈ ಕಿಣ್ವದ ಹರಳು ತೆಗೆದರು. 1951ರಲ್ಲಿ ಥಿಯೋರೆಲ್ ಮತ್ತು ಬ್ರಿಟನ್ ಚಾನ್ಸ್ ಅದರ ಕೆಲಸದ ಕ್ರಮ ಬಿಡಿಸಿಟ್ಟರು. ಮೊದಲು ಎನ್‌ಎಡಿ ಎಂಬ ಸಹಾಯಕ ಅಣು ಬಂದು ಕೂರಬೇಕು, ಆಮೇಲೆ ಆಲ್ಕೋಹಾಲ್. ಎನ್‌ಎಡಿ ಜಲಜನಕ ಹೊತ್ತುಕೊಂಡು ಕೊನೆಗೆ ಹೊರಬೀಳುತ್ತದೆ, ನಿಧಾನವಾಗುವುದು ಅಲ್ಲೇ. 1955ರಲ್ಲಿ ಥಿಯೋರೆಲ್‌ಗೆ ನೊಬೆಲ್ ಬಂತು.

ಇನ್ನು ತಡೆಯುವ ಬಗೆ. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೇ ಅಂದುಕೊಳ್ಳಿ. ಕಿಣ್ವದಲ್ಲಿ ಎರಡು ಸೀಟು, ಒಂದು ಎನ್‌ಎಡಿಗೆ, ಒಂದು ಆಲ್ಕೋಹಾಲಿಗೆ. ಎನ್‌ಎಡಿಯ ಫಾಸ್ಫೇಟಿಗೆ ಋಣ ವಿದ್ಯುತ್ತಿದೆ; ಉಪ್ಪಿನಲ್ಲಿರುವ ಕ್ಲೋರೈಡಿಗೂ ಇದೆ. ಆದ್ದರಿಂದ ಉಪ್ಪು ಹೆಚ್ಚಿದರೆ ಕ್ಲೋರೈಡ್ ಆ ಸೀಟಿನ ಅಂಚಿಗೆ ಟವೆಲ್ ಹಾಕುತ್ತದೆ. ಎಎಂಪಿ, ಎಡಿಪಿ-ರೈಬೋಸ್‌ನಂಥ ನ್ಯೂಕ್ಲಿಯೋಟೈಡುಗಳು ಎನ್‌ಎಡಿಯದೇ ತುಂಡುಗಳಿದ್ದಂತೆ. ಅವು ಅದೇ ಸೀಟಿನಲ್ಲಿ ಕೂರುತ್ತವೆ, ಆದರೆ ಕೆಲಸ ಮಾಡುವ ತುದಿಯೇ ಅವಕ್ಕಿಲ್ಲ! ಇವೆರಡೂ ಮದ್ದಾಗಲಾರವು, ಯಾಕೆಂದರೆ ಎನ್‌ಎಡಿಯನ್ನು ಬಳಸುವ ಕಿಣ್ವಗಳು ಮೈತುಂಬ ಇವೆ. ಎಲ್ಲವನ್ನೂ ತಡೆದರೆ ಬದುಕುವುದೆಲ್ಲಿ?

ಮದ್ದಿನ ದಾರಿ ತೆರೆದದ್ದು ಎರಡನೇ ಸೀಟು. 1963ರಲ್ಲಿ ಥಿಯೋರೆಲ್ ಮತ್ತು ಯೊನೆತಾನಿ, ಪೈರಜೋಲ್ ಎಂಬ ಪುಟ್ಟ ಅಣು ಎನ್‌ಎಡಿ ಬಂದು ಕೂತ ಮೇಲೆ ಆಲ್ಕೋಹಾಲಿನ ಜಾಗಕ್ಕೇ ಬಂದು ಗಟ್ಟಿಯಾಗಿ ಅಂಟಿಕೊಳ್ಳುವುದನ್ನು ಕಂಡರು. ಪೈರಜೋಲ್ ವಿಷಕಾರಿ. ಆದರೆ ಅದಕ್ಕೊಂದು ಮಿಥೈಲ್ ಗುಂಪು ಸೇರಿಸಿದರೆ ಹಿಡಿತ ಇನ್ನೂ ಬಿಗಿ, ವಿಷ ಕಡಿಮೆ. 1969ರಲ್ಲಿ ಲಿ ಮತ್ತು ಥಿಯೋರೆಲ್ ಮನುಷ್ಯನ ಲಿವರಿನ ಕಿಣ್ವದ ಮೇಲೂ ಇಂಥ ಅಣುಗಳನ್ನು ಪರೀಕ್ಷಿಸಿದರು. ಅದೇ ಮುಂದೆ ಫೋಮೆಪಿಜೋಲ್ ಎಂಬ ಔಷಧಿಯಾಯಿತು. ಅಮೆರಿಕದಲ್ಲಿ 1997ರಲ್ಲಿ ಎಥಿಲೀನ್ ಗ್ಲೈಕಾಲ್ ವಿಷಕ್ಕೆ, 2000ದಲ್ಲಿ ಮೆಥನಾಲ್ ವಿಷಕ್ಕೆ ಒಪ್ಪಿಗೆ ಸಿಕ್ಕಿತು. ಕುದುರೆಯ ಲಿವರಿನ ಹರಳಿನಿಂದ ಇಲ್ಲಿಗೆ ಐವತ್ತೆರಡು ವರ್ಷ!

ಇದಕ್ಕೂ ಮೊದಲು ವೈದ್ಯರ ಬಳಿ ಇದ್ದದ್ದು ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯ. ಮಾಮೂಲಿ ಮದ್ಯದ ಎಥನಾಲನ್ನು ಕಿಣ್ವ ಮೆಥನಾಲಿಗಿಂತ ಎಷ್ಟೋ ಪಾಲು ಹೆಚ್ಚು ಇಷ್ಟಪಡುತ್ತದೆ. ಎಥನಾಲ್ ಕೊಟ್ಟರೆ ಮೆಥನಾಲ್ ಕಾಯುತ್ತ ನಿಂತು, ನಿಧಾನವಾಗಿ ಮೈಯಿಂದ ಹೊರಹೋಗುತ್ತದೆ. 1940ರ ದಶಕದಲ್ಲೇ ನಾರ್ವೆಯ ಓಲುಫ್ ರೋ ಈ ಚಿಕಿತ್ಸೆಯ ಬಗ್ಗೆ ಬರೆದಿದ್ದರು. ಫೋಮೆಪಿಜೋಲ್ ದುಬಾರಿಯಾದ್ದರಿಂದ ಎಥನಾಲಿಗೆ ಇವತ್ತಿಗೂ ಕೆಲಸವಿದೆ. ಆದರೆ ಇದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತ, ಬೇಕಾದರೆ ಡಯಾಲಿಸಿಸ್ ಮಾಡುತ್ತ ಕೊಡುವ ಚಿಕಿತ್ಸೆ. ಮನೆಯಲ್ಲಿ ಬಾಟಲಿ ಬಿಚ್ಚುವ ವಿಷಯವಲ್ಲ, ದಯವಿಟ್ಟು.

ಎರಡಕ್ಕೂ ಬೇಕಾದದ್ದು ಸಮಯ. ಫಾರ್ಮಿಕ್ ಆಮ್ಲ ಆಗಿಹೋದ ಮೇಲೆ ಸೀಟು ಹಿಡಿದು ಏನು ಪ್ರಯೋಜನ? ಕುಡಿದ ಹಲವು ಗಂಟೆಗಳ ನಂತರವೇ ಕಣ್ಣು ಮಂಜಾಗುವುದು. ಅಷ್ಟರವರೆಗೆ ಎಲ್ಲರೂ 'ಏರಿದೆ, ಮಲಗಲಿ ಬಿಡಿ' ಅನ್ನುತ್ತಾರೆ. ಥಿಯೋರೆಲ್ ಅವರ ಕಿಣ್ವದ ಕಥೆಯಲ್ಲಿ ನಮ್ಮ ಗಲ್ಲಿಗಳಿಗೆ ತಲುಪಬೇಕಾದ ಮಾತೆಂದರೆ ಇದೇ: ಮಲಗಲು ಬಿಡಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ.