ಫೈರ್‌ಫಾಕ್ಸ್ ಕ್ವಾಂಟಮ್

ಫೈರ್‌ಫಾಕ್ಸ್ ಕ್ವಾಂಟಮ್ ಎಂಬುದು ಮೊಜಿಲ್ಲಾ ಸಂಸ್ಥೆಯು 2017ರ ನವೆಂಬರ್ 14ರಂದು ಬಿಡುಗಡೆ ಮಾಡಿದ ಫೈರ್‌ಫಾಕ್ಸ್ ಜಾಲವೀಕ್ಷಕದ 57ನೆಯ ಆವೃತ್ತಿಯ ಹೆಸರು. ಆಂತರಿಕ ರಚನೆ, ಹೊರರೂಪ ಮತ್ತು ವಿಸ್ತರಣೆಗಳ ವ್ಯವಸ್ಥೆ ಈ ಮೂರೂ ಒಂದೇ ಬಾರಿಗೆ ಬದಲಾದ ಕಾರಣ ಇದು ಫೈರ್‌ಫಾಕ್ಸ್ ಇತಿಹಾಸದ ಅತ್ಯಂತ ದೊಡ್ಡ ಪರಿಷ್ಕರಣೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ವೇಗದ ಹೆಚ್ಚಳಕ್ಕಾಗಿ ಈ ಆವೃತ್ತಿಯು ವ್ಯಾಪಕ ಮೆಚ್ಚುಗೆ ಪಡೆಯಿತು. ಅದೇ ವೇಳೆ, ವರ್ಷಗಳಿಂದ ಬಳಕೆಯಲ್ಲಿದ್ದ ಸಾವಿರಾರು ವಿಸ್ತರಣೆಗಳು ಒಮ್ಮೆಲೇ ನಿಷ್ಕ್ರಿಯಗೊಂಡಿದ್ದರಿಂದ ಹಳೆಯ ಬಳಕೆದಾರರ ತೀವ್ರ ಅಸಮಾಧಾನಕ್ಕೂ ಗುರಿಯಾಯಿತು.

ಹಿನ್ನೆಲೆ

ಫೈರ್‌ಫಾಕ್ಸ್‌ನ ಮೊದಲ ಪೂರ್ಣ ಆವೃತ್ತಿಯು 2004ರ ನವೆಂಬರ್ 9ರಂದು ಹೊರಬಂದಿತು. ವಿಸ್ತರಣೆಗಳ ಮೂಲಕ ಜಾಲವೀಕ್ಷಕವನ್ನು ತಮಗೆ ಬೇಕಾದಂತೆ ರೂಪಿಸಿಕೊಳ್ಳುವ ಸ್ವಾತಂತ್ರ್ಯವು ಅದರ ಜನಪ್ರಿಯತೆಯ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಆ ಕಾಲದ ವಿಸ್ತರಣೆಗಳು ಝೂಲ್ ಮತ್ತು ಎಕ್ಸ್‌ಪಿಕಾಮ್ ಎಂಬ ತಂತ್ರಜ್ಞಾನಗಳನ್ನು ಆಧರಿಸಿದ್ದವು. ಫೈರ್‌ಫಾಕ್ಸ್‌ನ ಸ್ವಂತ ಕಿಟಕಿ, ಪಟ್ಟಿ, ಗುಂಡಿಗಳೂ ಇದೇ ತಂತ್ರಜ್ಞಾನಗಳಿಂದ ರಚಿತವಾಗಿದ್ದ ಕಾರಣ, ವಿಸ್ತರಣೆಯೊಂದು ಅದರ ಯಾವ ಭಾಗವನ್ನಾದರೂ ಬದಲಿಸಬಹುದಾಗಿತ್ತು.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಮೊಜಿಲ್ಲಾ ತನ್ನ ಒಳಗಿನ ಸಂಕೇತವನ್ನು ಸ್ವಲ್ಪ ಬದಲಿಸಿದರೂ ಅದನ್ನು ನೇರವಾಗಿ ಅವಲಂಬಿಸಿದ್ದ ವಿಸ್ತರಣೆಗಳು ಕೆಡುತ್ತಿದ್ದವು. ದೋಷಪೂರಿತ ಅಥವಾ ದುರುದ್ದೇಶದ ವಿಸ್ತರಣೆಯು ಬಳಕೆದಾರರ ಎಲ್ಲ ದತ್ತಾಂಶವನ್ನೂ ತಲುಪಬಹುದಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಜಾಲಪುಟಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಲ್ಲಿ ನಡೆಸುವ ಆಧುನಿಕ ವಿನ್ಯಾಸಕ್ಕೆ ಹಳೆಯ ವಿಸ್ತರಣೆಗಳು ಅಡ್ಡಿಯಾಗಿದ್ದವು. 2008ರಲ್ಲಿ ಬಂದ ಗೂಗಲ್ ಕ್ರೋಮ್ ಆರಂಭದಿಂದಲೇ ಬಹುಪ್ರಕ್ರಿಯಾ ವಿನ್ಯಾಸವನ್ನು ಹೊಂದಿತ್ತು. ಫೈರ್‌ಫಾಕ್ಸ್‌ನಲ್ಲಿ ಅದು ಎಲೆಕ್ಟ್ರಾಲಿಸಿಸ್ ಎಂಬ ಯೋಜನೆಯ ಮೂಲಕ 2016ರ ಆಗಸ್ಟ್‌ನಲ್ಲಿ ಬಂದ 48ನೆಯ ಆವೃತ್ತಿಯಿಂದ ಹಂತಹಂತವಾಗಿ ಜಾರಿಗೆ ಬಂದಿತು.

ಹಳೆಯ ಮಾದರಿಯ ವಿಸ್ತರಣೆಗಳನ್ನು ಕೈಬಿಟ್ಟು ವೆಬ್‌ಎಕ್ಸ್‌ಟೆನ್ಷನ್ಸ್ ಎಂಬ ಹೊಸ ಮಾದರಿಗೆ ಸಾಗುವುದಾಗಿ ಮೊಜಿಲ್ಲಾ 2015ರ ಆಗಸ್ಟ್‌ನಲ್ಲಿಯೇ ಪ್ರಕಟಿಸಿತ್ತು. ಕ್ವಾಂಟಮ್ ಯೋಜನೆಯನ್ನು 2016ರ ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು.

ಮುಖ್ಯ ಬದಲಾವಣೆಗಳು

ಎಂಜಿನ್: ಪುಟದ ಶೈಲಿಯನ್ನು ಲೆಕ್ಕ ಹಾಕುವ ಭಾಗವನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಸರ್ವೋ ಎಂಬ ಪ್ರಾಯೋಗಿಕ ಎಂಜಿನ್‌ನಿಂದ ತಂದ ಈ ಭಾಗಕ್ಕೆ ಕ್ವಾಂಟಮ್ ಸಿಎಸ್‌ಎಸ್ ಎಂದು ಹೆಸರು. ಇದು ಶೈಲಿಯ ಲೆಕ್ಕಾಚಾರವನ್ನು ಸಂಸ್ಕಾರಕದ ಎಲ್ಲ ಕೋರ್‌ಗಳಿಗೆ ಹಂಚಿ ಏಕಕಾಲದಲ್ಲಿ ಮುಗಿಸುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ ಬಂದಿದ್ದ 52ನೆಯ ಆವೃತ್ತಿಗಿಂತ ಹೊಸ ಆವೃತ್ತಿಯು ಎರಡು ಪಟ್ಟು ವೇಗವಾಗಿದೆ ಮತ್ತು ಕ್ರೋಮ್‌ಗಿಂತ ಸುಮಾರು ಶೇ. 30ರಷ್ಟು ಕಡಿಮೆ ಮೆಮೊರಿ ಬಳಸುತ್ತದೆ ಎಂದು ಮೊಜಿಲ್ಲಾ ಹೇಳಿಕೊಂಡಿತು.

ಹೊರರೂಪ: ಫೋಟಾನ್ ಎಂಬ ಹೊಸ ವಿನ್ಯಾಸವು 2014ರ 29ನೆಯ ಆವೃತ್ತಿಯಲ್ಲಿ ಬಂದಿದ್ದ ಆಸ್ಟ್ರಾಲಿಸ್ ವಿನ್ಯಾಸದ ಸ್ಥಾನವನ್ನು ಪಡೆಯಿತು. ದುಂಡಗಿನ ಅಂಚಿನ ಟ್ಯಾಬ್‌ಗಳ ಬದಲು ಚೌಕಾಕಾರದ ಟ್ಯಾಬ್‌ಗಳು ಬಂದವು. ಹೊಸದಾಗಿ ಅನುಸ್ಥಾಪಿಸಿದವರಿಗೆ ವಿಳಾಸಪಟ್ಟಿ ಮತ್ತು ಹುಡುಕುಪಟ್ಟಿಗಳು ಒಂದಾದವು.

ವಿಸ್ತರಣೆಗಳು: ವೆಬ್‌ಎಕ್ಸ್‌ಟೆನ್ಷನ್ಸ್ ಮಾದರಿಯವು ಮಾತ್ರ ಕೆಲಸ ಮಾಡತೊಡಗಿದವು. ಇವು ಮೊಜಿಲ್ಲಾ ಒದಗಿಸಿದ ನಿರ್ದಿಷ್ಟ ಸೌಲಭ್ಯಗಳನ್ನಷ್ಟೇ ಬಳಸಬಲ್ಲವು ಮತ್ತು ಅನುಸ್ಥಾಪನೆಯ ವೇಳೆ ತಮಗೆ ಬೇಕಾದ ಅನುಮತಿಗಳನ್ನು ಕೇಳಬೇಕು. ಕ್ರೋಮ್‌ನ ಮಾದರಿಗೆ ಇದು ಬಹುಮಟ್ಟಿಗೆ ಹೊಂದಿಕೆಯಾಗುವುದರಿಂದ ಒಂದೇ ವಿಸ್ತರಣೆಯನ್ನು ಎರಡೂ ಕಡೆ ಬಳಸುವುದು ಸುಲಭವಾಯಿತು.

ಹುಡುಕಾಟ: ಅಮೆರಿಕ, ಕೆನಡಾ, ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಲ್ಲಿ ಗೂಗಲ್ ಪೂರ್ವನಿಯೋಜಿತ ಹುಡುಕುಯಂತ್ರವಾಯಿತು. ಅಮೆರಿಕದಲ್ಲಿ ಅದಕ್ಕೂ ಮೊದಲು, 2014ರ ಒಪ್ಪಂದದಂತೆ, ಆ ಸ್ಥಾನದಲ್ಲಿ ಯಾಹೂ ಇತ್ತು.

ಬಳಕೆದಾರರ ಪ್ರತಿಕ್ರಿಯೆ

ಸಾಮಾನ್ಯ ಬಳಕೆದಾರರು ಹಾಗೂ ತಂತ್ರಜ್ಞಾನ ವಿಮರ್ಶಕರು ಪುಟಗಳು ಬೇಗ ತೆರೆದುಕೊಳ್ಳುವುದನ್ನೂ, ಹಲವು ಟ್ಯಾಬ್‌ಗಳಿದ್ದರೂ ಗಣಕವು ತಡವರಿಸದಿರುವುದನ್ನೂ ಮೆಚ್ಚಿದರು. ಕ್ರೋಮ್‌ಗೆ ಹೋಗಿದ್ದವರು ಮತ್ತೆ ಪರಿಗಣಿಸಬಹುದಾದ ಆಯ್ಕೆ ಎಂದು ಅನೇಕ ವಿಮರ್ಶೆಗಳು ಇದನ್ನು ಬಣ್ಣಿಸಿದವು.

ಆಕ್ಷೇಪವು ಮುಖ್ಯವಾಗಿ ವಿಸ್ತರಣೆಗಳನ್ನು ಹೆಚ್ಚಾಗಿ ಬಳಸುತ್ತಿದ್ದವರಿಂದ ಬಂದಿತು. ಸ್ವಯಂಚಾಲಿತ ನವೀಕರಣದ ನಂತರ ಅವರ ಹಳೆಯ ವಿಸ್ತರಣೆಗಳು ಪ್ರತ್ಯೇಕ ಪಟ್ಟಿಯೊಂದರಲ್ಲಿ ನಿಷ್ಕ್ರಿಯವಾಗಿ ಕಾಣಿಸಿಕೊಂಡವು. ಪ್ರತಿಯೊಂದರ ಎದುರು ಬದಲಿಯನ್ನು ಹುಡುಕುವ ಗುಂಡಿ ಇತ್ತಾದರೂ ಎಲ್ಲದಕ್ಕೂ ಬದಲಿ ಇರಲಿಲ್ಲ. ಆಸ್ಟ್ರಾಲಿಸ್‌ಗಿಂತ ಹಿಂದಿನ ರೂಪವನ್ನು ಮರಳಿಸುತ್ತಿದ್ದ ಕ್ಲಾಸಿಕ್ ಥೀಮ್ ರಿಸ್ಟೋರರ್ ಹೊಸ ಮಾದರಿಯಲ್ಲಿ ಅಸಾಧ್ಯವಾಗಿತ್ತು. ಜಾಲತಾಣ ರಚನಾಕಾರರ ನೆಚ್ಚಿನ ಫೈರ್‌ಬಗ್ ಕೂಡ ಕೊನೆಗೊಂಡಿತು. ಅದರ ಸೌಲಭ್ಯಗಳು ಆ ವೇಳೆಗೆ ಫೈರ್‌ಫಾಕ್ಸ್‌ನ ಒಳಗೇ ಸೇರಿದ್ದವು. ಟ್ಯಾಬ್‌ಗಳನ್ನು ಪಕ್ಕದಲ್ಲಿ ಮರದಂತೆ ಜೋಡಿಸುವ ಟ್ರೀ ಸ್ಟೈಲ್ ಟ್ಯಾಬ್ ಹೊಸ ಮಾದರಿಗೆ ಬಂದಿತಾದರೂ ಮೇಲ್ಭಾಗದ ಟ್ಯಾಬ್ ಪಟ್ಟಿಯನ್ನು ಮರೆಮಾಡುವ ಶಕ್ತಿ ಅದಕ್ಕೆ ಉಳಿಯಲಿಲ್ಲ. ಆದುದರಿಂದ ಬಳಕೆದಾರರು ಯೂಸರ್‌ಕ್ರೋಮ್ ಎಂಬ ಶೈಲಿಕಡತವನ್ನು ತಾವೇ ಬರೆದುಕೊಂಡು ಆ ಪಟ್ಟಿಯನ್ನು ಮರೆಮಾಡಬೇಕಾಯಿತು.

ಆಕ್ಷೇಪದ ತಿರುಳು ಕೇವಲ ಅನನುಕೂಲವಾಗಿರಲಿಲ್ಲ. ಇಷ್ಟಬಂದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯವೇ ಫೈರ್‌ಫಾಕ್ಸ್‌ ಅನ್ನು ಇತರ ಜಾಲವೀಕ್ಷಕಗಳಿಂದ ಬೇರ್ಪಡಿಸುತ್ತಿತ್ತು. ಅದು ಹೋದರೆ ಕ್ರೋಮ್ ಬಿಟ್ಟು ಇದನ್ನು ಬಳಸಲು ಕಾರಣವೇನು ಎಂಬುದು ಈ ಬಳಕೆದಾರರ ಪ್ರಶ್ನೆಯಾಗಿತ್ತು. ಹಳೆಯ ವ್ಯವಸ್ಥೆಯನ್ನು ಉಳಿಸಿಕೊಂಡರೆ ವೇಗವಾಗಲಿ ಭದ್ರತೆಯಾಗಲಿ ಸುಧಾರಿಸದು ಎಂಬುದು ಮೊಜಿಲ್ಲಾದ ನಿಲುವಾಗಿತ್ತು.

ದೃಷ್ಟಿದೋಷವುಳ್ಳವರಿಗೆ ಸಮಸ್ಯೆ ಬೇರೆಯದಾಗಿತ್ತು. ವಿಂಡೋಸ್‌ನಲ್ಲಿ ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳೊಂದಿಗೆ ಹೊಸ ಆವೃತ್ತಿಯು ನಿಧಾನವಾಗಿ ವರ್ತಿಸುತ್ತಿತ್ತು. ಬಹುಪ್ರಕ್ರಿಯಾ ವಿನ್ಯಾಸದಿಂದಾಗಿ ಈ ತಂತ್ರಾಂಶಗಳಿಗೆ ಪುಟದ ಮಾಹಿತಿಯು ಮತ್ತೊಂದು ಪ್ರಕ್ರಿಯೆಯಿಂದ ಬರಬೇಕಾಗಿದ್ದುದು ಇದಕ್ಕೆ ಕಾರಣ. ಜಾಸ್ ಬಳಸುವವರು ಸದ್ಯಕ್ಕೆ 52ನೆಯ ದೀರ್ಘಾವಧಿ ಬೆಂಬಲದ ಆವೃತ್ತಿಯಲ್ಲಿ ಇರುವುದು ಒಳಿತೆಂದು ಮೊಜಿಲ್ಲಾ ಸಲಹೆ ನೀಡಿತು.

ವಿಸ್ತರಣೆಗಳ ಲೇಖಕರು

ವಿಸ್ತರಣೆಗಳ ಲೇಖಕರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. ಹೊಸ ಮಾದರಿಗೆ ಬದಲಾಗುವುದೆಂದರೆ ಇಡೀ ವಿಸ್ತರಣೆಯನ್ನು ಹೊಸದಾಗಿ ಬರೆಯುವುದೇ ಆಗಿತ್ತು. ಯುಬ್ಲಾಕ್ ಆರಿಜಿನ್, ಆಡ್‌ಬ್ಲಾಕ್ ಪ್ಲಸ್ ಮುಂತಾದವು ಸಕಾಲದಲ್ಲಿ ಸಿದ್ಧವಾದವು. ನೋಸ್ಕ್ರಿಪ್ಟ್ ಬಿಡುಗಡೆಯ ಸುಮಾರು ಒಂದು ವಾರದ ನಂತರ ಬಂದಿತು. ಅದರ ಬದಲಾದ ರೂಪವು ಹಳೆಯ ಬಳಕೆದಾರರನ್ನು ಗೊಂದಲಕ್ಕೀಡುಮಾಡಿತು. ಕಡತಗಳನ್ನು ಇಳಿಸಿಕೊಳ್ಳಲು ನೆರವಾಗುತ್ತಿದ್ದ ಡೌನ್‌ದೆಮ್‌ಆಲ್ 2019ರಲ್ಲಷ್ಟೇ, ಹಿಂದಿಗಿಂತ ಕಡಿಮೆ ಸೌಲಭ್ಯಗಳೊಂದಿಗೆ ಮರಳಿತು. ಉಳಿದ ಹಲವನ್ನು ಲೇಖಕರು ಕೈಬಿಟ್ಟರು.

ಬಳಕೆದಾರರು ಹಿಡಿದ ದಾರಿಗಳು

ಕೆಲವರು ನವೀಕರಣವನ್ನು ನಿಲ್ಲಿಸಿ 56ನೆಯ ಆವೃತ್ತಿಯಲ್ಲೇ ಉಳಿದರು. ಇದರಿಂದ ಭದ್ರತಾ ಪರಿಹಾರಗಳು ದೊರೆಯುವುದಿಲ್ಲವಾದ ಕಾರಣ ಇದು ಅಪಾಯಕರವೆಂದು ಪರಿಗಣಿತವಾಗಿತ್ತು. ಇನ್ನು ಕೆಲವರು 52ನೆಯ ದೀರ್ಘಾವಧಿ ಆವೃತ್ತಿಗೆ ಹೋದರು. ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾ ಬಳಸುವವರಿಗೂ ಅದೇ ಕೊನೆಯ ಆಶ್ರಯವಾಗಿತ್ತು. ಅದರ ಬೆಂಬಲವು 2018ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಂತರ ಮೊಜಿಲ್ಲಾ ತನ್ನ ಜಾಲತಾಣದಿಂದ ಹಳೆಯ ವಿಸ್ತರಣೆಗಳನ್ನು ತೆಗೆದುಹಾಕಿತು. ಫೈರ್‌ಫಾಕ್ಸ್‌ನ ಮೂಲಸಂಕೇತವು ಮುಕ್ತವಾಗಿರುವುದರಿಂದ ಮೂರನೆಯ ದಾರಿಯೂ ಇತ್ತು. ಅದರಿಂದ ಕವಲೊಡೆದ ವಾಟರ್‌ಫಾಕ್ಸ್, ಪೇಲ್ ಮೂನ್ ಮತ್ತು ಬೆಸಿಲಿಸ್ಕ್ ಜಾಲವೀಕ್ಷಕಗಳು ಹಳೆಯ ವಿಸ್ತರಣಾ ವ್ಯವಸ್ಥೆಯನ್ನು ಉಳಿಸಿಕೊಂಡವು.

ನಂತರದ ಬೆಳವಣಿಗೆಗಳು

ಬಿಡುಗಡೆಯಾದ ಮರುತಿಂಗಳೇ, ಮಿಸ್ಟರ್ ರೋಬೋಟ್ ಎಂಬ ದೂರದರ್ಶನ ಧಾರಾವಾಹಿಗೆ ಸಂಬಂಧಿಸಿದ ಲುಕಿಂಗ್ ಗ್ಲಾಸ್ ಎಂಬ ವಿಸ್ತರಣೆಯು ಹಲವರ ಫೈರ್‌ಫಾಕ್ಸ್‌ನಲ್ಲಿ ಅವರ ಒಪ್ಪಿಗೆಯಿಲ್ಲದೆ ಕಾಣಿಸಿಕೊಂಡಿತು. ಪ್ರತಿಭಟನೆಯ ನಂತರ ಮೊಜಿಲ್ಲಾ ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೋರಿತು. ಕ್ವಾಂಟಮ್ ಎಂಬ ಹೆಸರು 2019ರಲ್ಲಿ ಬಳಕೆ ತಪ್ಪಿತು. ಇದೇ ಬಗೆಯ ವಿವಾದವು 2020ರಲ್ಲಿ ಆಂಡ್ರಾಯ್ಡ್ ಫೈರ್‌ಫಾಕ್ಸ್‌ನ ಹೊಸ ರೂಪ ಬಂದಾಗ ಮರುಕಳಿಸಿತು. ಅದರಲ್ಲಿ ಮೊದಲಿಗೆ ಕೆಲವೇ ವಿಸ್ತರಣೆಗಳಿಗೆ ಅವಕಾಶವಿತ್ತು. ಎಲ್ಲ ಲೇಖಕರಿಗೂ ಬಾಗಿಲು ತೆರೆದದ್ದು 2023ರ ಡಿಸೆಂಬರ್‌ನಲ್ಲಿ.

ಬಳಕೆದಾರರ ಕೆಲವು ಬೇಡಿಕೆಗಳು ಕ್ರಮೇಣ ಈಡೇರಿದವು. ಟ್ಯಾಬ್‌ಗಳನ್ನು ಮರೆಮಾಡುವ ಸೌಲಭ್ಯವನ್ನು 2018ರಲ್ಲಿ ವಿಸ್ತರಣೆಗಳಿಗೆ ನೀಡಲಾಯಿತು. ಟ್ಯಾಬ್‌ಗಳನ್ನು ಪಕ್ಕದಲ್ಲಿ ಲಂಬವಾಗಿ ಜೋಡಿಸುವ ಆಯ್ಕೆಯು 2025ರ ಮಾರ್ಚ್‌ನಲ್ಲಿ ಬಂದ 136ನೆಯ ಆವೃತ್ತಿಯಲ್ಲಿ ಫೈರ್‌ಫಾಕ್ಸ್‌ನ ಭಾಗವೇ ಆಯಿತು.

ಮಹತ್ವ

ರಸ್ಟ್ ಭಾಷೆಯು ಕೋಟ್ಯಂತರ ಜನರು ದಿನನಿತ್ಯ ಬಳಸುವ ತಂತ್ರಾಂಶವೊಂದರ ಪ್ರಮುಖ ಭಾಗವನ್ನು ಹೊರಬಲ್ಲದೆಂದು ಕ್ವಾಂಟಮ್ ತೋರಿಸಿಕೊಟ್ಟಿತು. ಆದರೆ ಫೈರ್‌ಫಾಕ್ಸ್‌ನ ಮಾರುಕಟ್ಟೆ ಪಾಲು ಕುಸಿಯುವುದನ್ನು ತಡೆಯಲು ಅದಕ್ಕೆ ಸಾಧ್ಯವಾಗಲಿಲ್ಲ. ಸ್ವಯಂಸೇವಕರ ದುಡಿಮೆಯ ಮೇಲೆ ಬೆಳೆದ ತಂತ್ರಾಂಶವೊಂದು ತನ್ನ ತಳಪಾಯವನ್ನೇ ಬದಲಿಸಬೇಕಾದಾಗ ಭದ್ರತೆ ಮತ್ತು ವೇಗಗಳ ಲಾಭವು ಎಲ್ಲರಿಗೂ ಹಂಚಿಹೋದರೂ ಅದರ ನಷ್ಟವು ಅತಿ ನಿಷ್ಠಾವಂತ ಬಳಕೆದಾರರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದಕ್ಕೆ ಈ ಆವೃತ್ತಿಯನ್ನು ಉದಾಹರಣೆಯಾಗಿ ನೋಡಬಹುದು.