ಬಕೆಟ್‌ನೊಳಗಿನ ಮೊಟ್ಟೆ: ಫ್ರಿಡ್ಜ್ ಇಲ್ಲದ ಕಾಲದ ಒಂದು ಜಾಣತನ

ಒಂದು ಟ್ರೇ ಮೊಟ್ಟೆ ತಂದು ಫ್ರಿಡ್ಜ್‌ನಲ್ಲಿಟ್ಟರೆ ನಮ್ಮ ಕೆಲಸ ಮುಗೀತು. ಮನೇಲಿ ಫ್ರಿಡ್ಜೂ ಇಲ್ಲ, ಅಂಗಡೀಲಿ ಮೊಟ್ಟೆಯೂ ಇಲ್ಲ ಅಂದ್ರೆ? ಇವತ್ತಿನ ಕಥೆ ಎರಡನೇ ಮಹಾಯುದ್ಧದ ಕಾಲದ ಬ್ರಿಟನ್‌ದು.

1941ರ ಜೂನ್‌ನಲ್ಲಿ ಅಲ್ಲಿ ಮೊಟ್ಟೆಗೂ ರೇಷನ್ ಬಂತು. ಒಬ್ಬರಿಗೆ ಸಾಮಾನ್ಯವಾಗಿ ವಾರಕ್ಕೆ ಒಂದೇ ಮೊಟ್ಟೆ, ಅದೂ ಸ್ಟಾಕ್ ಇದ್ದರೆ! ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಇನ್ನೊಂದು ದಾರಿ ಇತ್ತು: ಮೊಟ್ಟೆಯ ರೇಷನ್ ಬಿಟ್ಟುಕೊಟ್ಟು, ಬದಲಿಗೆ ಕೋಳಿ ಆಹಾರ ಪಡೆಯೋದು. ಒಳ್ಳೆ ವ್ಯವಹಾರವೇ. ಆದರೆ ಕೋಳಿಗಳು ವರ್ಷವಿಡೀ ಒಂದೇ ಸಮ ಮೊಟ್ಟೆ ಇಡಲ್ಲ. ಹಗಲು ಉದ್ದವಾಗುವ ವಸಂತದಲ್ಲಿ ಬುಟ್ಟಿ ತುಂಬುತ್ತೆ, ಹಗಲು ಕುಗ್ಗುವ ಚಳಿಗಾಲದಲ್ಲಿ ಗೂಡು ಖಾಲಿ. ರೇಷನ್ ಬಿಟ್ಟುಕೊಟ್ಟ ಮನೆಗೆ ಡಿಸೆಂಬರ್‌ನಲ್ಲಿ ಏನು ಗತಿ?

ಅದಕ್ಕೇ ವಸಂತದ ಮೊಟ್ಟೆಯನ್ನ ಚಳಿಗಾಲಕ್ಕೆ ಉಳಿಸ್ತಿದ್ರು. ಹೇಗೆ? ‘ವಾಟರ್‌ಗ್ಲಾಸ್’ ಅನ್ನೋ ದ್ರಾವಣದಲ್ಲಿ. ಅದು ಸೋಡಿಯಂ ಸಿಲಿಕೇಟ್. ಕುದಿಸಿ ಆರಿಸಿದ ನೀರಿಗೆ ಅದನ್ನ ಬೆರೆಸಿ, ಬಕೆಟ್‌ಗೋ ಜಾಡಿಗೋ ಸುರಿದು, ಮೊಟ್ಟೆ ಪೂರ್ತಿ ಮುಳುಗಿಸಿ ತಂಪಾದ ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಉಳೀತಿತ್ತು.

ಇದರ ಗುಟ್ಟು ಚಿಪ್ಪಿನಲ್ಲಿದೆ. ನೋಡೋಕೆ ಗಟ್ಟಿ, ಆದ್ರೆ ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳು. ಅವುಗಳ ಮೂಲಕ ತೇವ ಹೊರಗೆ ಹೋಗುತ್ತೆ, ಬ್ಯಾಕ್ಟೀರಿಯಾ ಒಳಗೆ ಬರುತ್ತೆ. ವಾಟರ್‌ಗ್ಲಾಸ್ ಆ ರಂಧ್ರಗಳನ್ನ ಮುಚ್ಚುತ್ತೆ. ಅದಕ್ಕಿಂತ ಹಳೆಯ ಸುಣ್ಣದ ನೀರಿನ ವಿಧಾನ ಮಾಡ್ತಿದ್ದದ್ದೂ ಇದೇ ಕೆಲಸ. ಆದರೆ ಮೊಟ್ಟೆಯನ್ನ ತೊಳೆಯೋ ಹಾಗಿಲ್ಲ! ಚಿಪ್ಪಿನ ಮೇಲೆ ಹುಟ್ಟಿನಿಂದಲೇ ಒಂದು ತೆಳು ರಕ್ಷಣಾ ಪೊರೆ ಇರುತ್ತೆ, ತೊಳೆದರೆ ಅದು ಹೋಗುತ್ತೆ. ಬಿರುಕು ಬಿಟ್ಟದ್ದಂತೂ ಬೇಡವೇ ಬೇಡ. ಅಂಥದ್ದು ಒಂದು ಸೇರಿದರೂ ಇಡೀ ಬಕೆಟ್‌ಗೇ ಅಪಾಯ, ಅಂದ್ರೆ ಮನೆಯವರ ಚಳಿಗಾಲದ ದಾಸ್ತಾನಿಗೇ ಸಂಚಕಾರ.

ಹೀಗೆ ಉಳಿಸಿದ ಮೊಟ್ಟೆ ತಾಜಾದಷ್ಟು ಚೆನ್ನಾಗಿರಲ್ಲ. ಬಿಳಿಭಾಗ ತೆಳುವಾಗುತ್ತೆ. ಬೇಯಿಸುವ ಮುಂಚೆ ಸೂಜಿಯಿಂದ ಚಿಪ್ಪಿಗೆ ಸಣ್ಣ ತೂತು ಮಾಡಬೇಕಿತ್ತು. ಯಾಕಂದ್ರೆ ರಂಧ್ರ ಮುಚ್ಚಿರೋದ್ರಿಂದ ಒಳಗಿನ ಗಾಳಿಗೆ ದಾರಿಯಿಲ್ಲ, ಚಿಪ್ಪು ಒಡೆದುಬಿಡುತ್ತೆ. ಕೇಕ್‌ಗೆ, ಅಡುಗೆಗೆ ಮಾತ್ರ ಧಾರಾಳವಾಗಿ ಸಾಕಾಗ್ತಿತ್ತು.

1942ರಿಂದ ಅಮೆರಿಕದ ಮೊಟ್ಟೆ ಪುಡಿಯೂ ಬಂತು. ಒಂದು ಪೊಟ್ಟಣ ಹನ್ನೆರಡು ಮೊಟ್ಟೆಗೆ ಸಮ. ಮೊಟ್ಟೆಯ ರೇಷನ್ ಮುಗಿದದ್ದು 1953ರಲ್ಲಿ. ಆಮೇಲೆ ಫ್ರಿಡ್ಜ್‌ಗಳು ಮನೆಮನೆಗೆ ಬಂದವು, ಬಕೆಟ್‌ಗಳು ಮೂಲೆ ಸೇರಿದವು.

ಒಂದು ಮಾತು: ಅಂಗಡಿಯ ಮೊಟ್ಟೆ ಮೊದಲೇ ತೊಳೆದದ್ದಾಗಿರಬಹುದು, ಹಾಗಾಗಿ ಇದನ್ನ ಮನೇಲಿ ಪ್ರಯೋಗ ಮಾಡಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.