ಗ್ರಂಥ ಒಂದು, ಓದು ಎರಡು

ಬೈಬಲ್ಲಿನೊಳಗ ಪೌಲನು ಫಿಲೆಮೋನನಿಗೆ ಬರೆದ ಸಣ್ಣ ಪತ್ರ ಒಂದು ಐತಿ. ಓನೇಸಿಮ ಎಂಬ ಆಳನ್ನು ಅವನ ಧಣಿಯ ಕಡೆ ತಿರುಗಿ ಕಳಿಸುವಾಗ ಬರೆದದ್ದು. ಇವನನ್ನು ಆಳು ಎಂದು ತಿಳಿಯದೆ ಪ್ರೀತಿಯ ತಮ್ಮನೆಂದು ಕರೆದುಕೋ ಎಂಬುದು ಅದರ ಸಾರ.

ಆಫ್ರಿಕಾದ ಮಂದಿಯನ್ನು ಹಡಗಿನಲ್ಲಿ ತಂದು ಹತ್ತಿ, ತಂಬಾಕಿನ ಹೊಲದಾಗ ದುಡಿಸಿದ ಅಮೇರಿಕಾದ ಧಣಿಗಳು ಈ ಪತ್ರ ಓದಿ, “ನೋಡ್ರಿ, ಪೌಲನೇ ಗುಲಾಮನನ್ನು ಧಣಿಗೆ ಒಪ್ಪಿಸ್ಯಾನ” ಅಂದರು. ಗುಲಾಮಗಿರಿ ಬ್ಯಾಡ ಅನ್ನುವವರು, “ತಮ್ಮ ಅಂತ ತಿಳಿ ಅಂದಾನಲ್ಲ, ಅದನ್ಯಾಕ ಬಿಟ್ರಿ?” ಅಂದರು. ಇಬ್ಬರ ಕೈಯಾಗೂ ಅದೇ ಪುಸ್ತಕ.

ರಕ್ಷಣೆ ಎಂಬ ಮಾತಿನ ಅರ್ಥವನ್ನೂ ಹೀಗೇ ಸೀಳಿದರು. ಕ್ರೈಸ್ತನಾದವನಿಗೆ ಬಿಡುಗಡೆ ಕೊಡಬೇಕಾದೀತು ಎಂಬ ಅಂಜಿಕೆ ಧಣಿಗಳಿಗಿತ್ತು. 1667ರಲ್ಲಿ ವರ್ಜೀನಿಯಾದವರು ಕಾನೂನನ್ನೇ ಮಾಡಿದರು: ದೀಕ್ಷಾಸ್ನಾನ ಆದರೂ ಗುಲಾಮ ಗುಲಾಮನೇ. ಆತ್ಮಕ್ಕೆ ರಕ್ಷಣೆ, ಮೈಗೆ ಬೇಡಿ.

ನೋಹನ ಶಾಪದ ಕಥೆಯೂ ಹಂಗ. ಆದಿಕಾಂಡದಲ್ಲಿ ಶಾಪ ಬಿದ್ದದ್ದು ಹಾಮನ ಮಗ ಕಾನಾನನಿಗೆ. ಮೈಬಣ್ಣದ ಮಾತು ಅಲ್ಲಿ ಇಲ್ಲೇ ಇಲ್ಲ. ಆದರೂ ಅದನ್ನು ಕಪ್ಪು ಜನರ ತಲೆಗೆ ಕಟ್ಟಿದರು.

1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ ಆಯ್ದ ಬೈಬಲ್ ಅಚ್ಚಾಯಿತು. 1,189 ಅಧ್ಯಾಯಗಳ ಪೈಕಿ ಉಳಿದದ್ದು 232. ಆಳುಗಳು ಧಣಿಗೆ ವಿಧೇಯರಾಗಿರಬೇಕೆಂಬ ಮಾತು ಉಳಿಯಿತು. ಮೋಶೆ ಇಸ್ರಾಯೇಲರನ್ನು ಫರೋಹನ ಕೈಯಿಂದ ಬಿಡಿಸಿ ತಂದ ಕಥೆ ಹೋಯಿತು.

ನಾನು ಗೀಗೀ ಪದ ಹಾಡವ. ನಮ್ಮ ಜತ್ತ ಸೀಮಿಯ ಜಾತ್ರೆಯೊಳಗ ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ಇಬ್ಬರೂ ಪುರಾವೆ ತಗಿಯೂದು ಅದೇ ಪುರಾಣದಿಂದ. ನಮಗ ಬೇಕಾದ ಕಥಿ ಎತ್ತತೀವಿ, ಒಲ್ಲದ್ದು ಬಿಡತೀವಿ. ಬೆಳಗಾದ ಮ್ಯಾಲ ಎರಡೂ ಮೇಳದವರು ಕೂಡಿ ಚಾ ಕುಡಿತೀವಿ. ಅಲ್ಲಿ ಹಂಗಾಗಲಿಲ್ಲ. ಹಂಗ ಎತ್ತಿದ ಮಾತಿನ ಆಸರೆಯಿಂದ ತಾಯಿ-ಮಕ್ಕಳನ್ನು ಅಗಲಿಸಿ ಮಾರಿದರು.

ಧಣಿಗಳೆಲ್ಲ ಸುಳ್ಳುಭಕ್ತರೆಂದು ನಾನು ಅನ್ನೂದಿಲ್ಲ. ಮನಸ್ಸಿಟ್ಟು ಪ್ರಾರ್ಥನೆ ಮಾಡಿದವರೂ ಇದ್ದರು. ಆದರೆ ಮನೆತನ ನಡೆದದ್ದು ಗುಲಾಮರ ಬೆವರಿನ ಮೇಲೆ. ಬಾಂದು ತಿರುಗಿದ ಕಡೆ ನೀರು ಹರಿದಂಗ, ಲಾಭ ಇದ್ದ ಕಡೆ ಅರ್ಥ ಹರಿಯಿತು.

ಗುಲಾಮರ ಓದು ಬ್ಯಾರೆ. ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಅಪರಾಧ ಆಗಿತ್ತು. ಕಿವಿಯಿಂದ ಕೇಳಿ ಬಾಯಿಂದ ಹಾಡಿ ಅವರು ಮೋಶೆಯ ಕಥೆ ಉಳಿಸಿಕೊಂಡರು. ಅವರ ಹಾಡಿನೊಳಗ ಫರೋಹ ಅಂದ್ರ ಧಣಿ, ಬಿಡುಗಡೆ ಅಂದ್ರ ಸತ್ತ ಮ್ಯಾಲಿನ ಸ್ವರ್ಗ ಅಷ್ಟೇ ಅಲ್ಲ. ತಾನೂ ಓಡಿ ಬಂದು, ಮತ್ತೆ ತಿರುಗಿ ಹೋಗಿ ಹತ್ತಾರು ಮಂದಿಯನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್‌ಗೆ ಜನ ಮೋಶೆ ಅಂತಲೇ ಕರೆದರು. ಗುಲಾಮನಾಗಿ ಹುಟ್ಟಿದ ಫ್ರೆಡೆರಿಕ್ ಡಗ್ಲಾಸ್ 1845ರ ತನ್ನ ಪುಸ್ತಕದಲ್ಲಿ ಕ್ರಿಸ್ತನ ಧರ್ಮ ಬ್ಯಾರೆ, ಧಣಿಗಳ ಧರ್ಮ ಬ್ಯಾರೆ ಎಂದು ಬಿಡಿಸಿ ಬರೆದ.

ಅದೇ 1845ರಲ್ಲಿ, ಗುಲಾಮರನ್ನು ಇಟ್ಟುಕೊಂಡವರೂ ಧರ್ಮಪ್ರಚಾರಕರಾಗಬಹುದು ಎಂದ ದಕ್ಷಿಣದ ಬ್ಯಾಪ್ಟಿಸ್ಟರು ಒಡೆದು ಬ್ಯಾರೆ ಸಂಘ ಕಟ್ಟಿದರು. 1865ರಲ್ಲಿ ಗುಲಾಮಗಿರಿ ಕಾಯ್ದೆಯಿಂದ ಹೋಯಿತು. ಆ ಸಂಘ ತಪ್ಪಾಯಿತೆಂದು ಕ್ಷಮೆ ಕೇಳಿದ್ದು 1995ರಲ್ಲಿ. ನಡುವೆ ನೂರೈವತ್ತು ವರ್ಷ! ಗ್ರಂಥದ ಒಂದಕ್ಷರವೂ ಬದಲಾಗಿರಲಿಲ್ಲ.

ಮಾಸ್ತರರು ಈ ಇತಿಹಾಸವನ್ನು ಹುಡುಗರಿಗೆ ಹೇಳಬೇಕು. ಯಾವ ಧರ್ಮದ ಗ್ರಂಥವನ್ನು ಯಾರೇ ಬಿಡಿಸಿ ಹೇಳಲಿ, ಎರಡು ಮಾತು ಕೇಳಲು ಕಲಿಸಬೇಕು: ಬಿಟ್ಟ ಪುಟ ಯಾವುದು? ಈ ಅರ್ಥದಿಂದ ಯಾರ ಕಣಜ ತುಂಬತೈತಿ? ನಮ್ಮೂರ ಪುರಾಣ-ಪ್ರವಚನಕ್ಕೂ ಇದೇ ಪ್ರಶ್ನೆ.